ಮನೆಗೆ ಎಷ್ಟು ಹೊತ್ತಿನ ದಾರಿ?

ಡಿಸೆಂಬರ್ 24, ಸಂಜೆ ಆರೂವರೆ. ಟೋಕಿಯೊದಲ್ಲಿ ಈ ದಿನಗಳಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ರೈಲಿಳಿದು ನಿಲ್ದಾಣದ ಹೊರಗೆ ಕಾಲಿಟ್ಟರೆ ಚಳಿಗೆ ಕಿವಿ ಮರಗಟ್ಟುತ್ತದೆ. ಎದುರಿಗೇ ಕೆಎಫ್‌ಸಿಯ ಕರ್ನಲ್ ಸ್ಯಾಂಡರ್ಸ್ ನಿಂತಿದ್ದಾನೆ, ಆಳೆತ್ತರದ ಬೊಂಬೆ. ಮೈಮೇಲೆ ಕೆಂಪು ಅಂಗಿ, ತಲೆಗೆ ಕೆಂಪು ಟೋಪಿ. ಗಡ್ಡ ಹೇಗೂ ಬಿಳಿಯೇ, ಸಾಂತಾ ವೇಷ ಅವನಿಗೆ ಹೇಳಿ ಹೊಲಿಸಿದಂತಿದೆ. ಅವನ ಪಕ್ಕದಿಂದ ಹೊರಟ ಸಾಲು ಸೈಕಲ್ ನಿಲ್ಲಿಸುವ ಜಾಗದವರೆಗೂ ಹೋಗಿದೆ. ಯಾರೂ ನುಗ್ಗುತ್ತಿಲ್ಲ, ಗೊಣಗುತ್ತಿಲ್ಲ. ಎಷ್ಟೋ ಜನ ಕರಿದ ಕೋಳಿಗೆ ನವೆಂಬರಿನಲ್ಲೇ ಹೇಳಿಟ್ಟವರು.

ಕೋಳಿಗೂ ಕ್ರಿಸ್ತನಿಗೂ ಏನು ಸಂಬಂಧ ಎಂದು ಮೊದಲ ವರ್ಷ ನಾನೂ ಕೇಳಿದ್ದೆ. ಇಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಕ್ರಿಸ್‌ಮಸ್‌ಗೆ ಸರ್ಕಾರಿ ರಜೆಯೂ ಇಲ್ಲ. ಕೆಎಫ್‌ಸಿ ಜಪಾನಿನ ಮೊದಲ ಅಂಗಡಿ ತೆರೆದದ್ದು 1970ರಲ್ಲಿ, ನಗೋಯಾದಲ್ಲಿ. ಕ್ರಿಸ್‌ಮಸ್ ಅಂದರೆ ಕೆಂಟಕಿ ಎಂಬ ಜಾಹೀರಾತನ್ನು ದೇಶದುದ್ದಕ್ಕೂ ಹಬ್ಬಿಸಿದ್ದು 1974ರಲ್ಲಿ. ಆಗ ಮಕ್ಕಳಾಗಿದ್ದವರು ಈಗ ಮೊಮ್ಮಕ್ಕಳ ಕೈಹಿಡಿದು ಸಾಲಿನಲ್ಲಿದ್ದಾರೆ. ಸಂಪ್ರದಾಯ ಆಗಲು ಇನ್ನೇನು ಬೇಕು?

ಗೌರಿಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಸೇವಂತಿಗೆ ಒಂದು ಮಾರಿಗೆ ಎಷ್ಟೆಂದು ಕೇಳಿ, "ಹಬ್ಬವೆಲ್ಲ ವ್ಯಾಪಾರ ಆಗ್ಹೋಯ್ತು" ಎಂದು ಮೂಗು ಮುರಿಯುತ್ತಿದ್ದವನು ನಾನು. ಆ ಮಾತಾಡುವ ಠೇಂಕಾರಕ್ಕೆ ಬೆನ್ನಿಗೊಂದು ಮನೆ ಇರಬೇಕು: ಬಾಗಿಲಿಗೆ ತೋರಣ ಕಟ್ಟುವ ಅಪ್ಪ, ಕಡುಬಿಗೆ ಹೂರಣ ಮಾಡುವ ಅಮ್ಮ. ಇಲ್ಲಿ ಹೊಸ ವರ್ಷಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಹುಲ್ಲುಹಗ್ಗದ ಅಲಂಕಾರ ತೂಗುಹಾಕಿ ಹುಟ್ಟೂರಿಗೆ ಹೊರಟುಬಿಡುತ್ತಾರೆ. ಆ ಹಬ್ಬಕ್ಕೆ ನನಗೆ ಕರೆಯಿಲ್ಲ, ಇರಬೇಕಾಗಿಯೂ ಇಲ್ಲ. ಅಂಗಡಿಯವರು ಮಾತ್ರ ನನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ.

ಹಾಗಾಗಿ ದೊಡ್ಡ ಮಳಿಗೆಯ ನೆಲಮಾಳಿಗೆಗೆ ಇಳಿಯುತ್ತೇನೆ. ದೆಪಾಚಿಕಾ ಎನ್ನುತ್ತಾರೆ, ನೆಲದಡಿಯ ತಿಂಡಿಪೇಟೆ. ಬೆಣ್ಣೆಯ ವಾಸನೆ, ಹುರಿದ ಚೆಸ್ಟ್‌ನಟ್ ವಾಸನೆ, "ಇರಾಶ್ಶಾಯ್‌ಮಾಸೆ" ಎಂಬ ರಾಗದ ಸ್ವಾಗತ, ಯಾರದೋ ಒದ್ದೆ ಉಣ್ಣೆಕೋಟು ನನ್ನ ಕೆನ್ನೆಗೆ. ಗಾಜಿನೊಳಗೆ ಸಾಲುಸಾಲು ಕ್ರಿಸ್‌ಮಸ್ ಕೇಕು: ಬೆಳ್ಳನೆ ಕೆನೆ, ಮೇಲೆ ಕೆಂಪು ಸ್ಟ್ರಾಬೆರಿ. ಅರಿಸಿನ ಕುಂಕುಮ ಕಂಡು ಬೆಳೆದ ಕಣ್ಣಿಗೆ ಬಣ್ಣ ಸ್ವಲ್ಪ ಕಡಿಮೆಯೇ, ಇರಲಿ. ಚಿಕ್ಕದೊಂದನ್ನು ತೋರಿಸುತ್ತೇನೆ.

ಕೌಂಟರಿನ ಹುಡುಗಿ ಡಬ್ಬಿ ಮಡಿಸುತ್ತ ತಲೆಯೆತ್ತಿ ಕೇಳುತ್ತಾಳೆ: "ಮನೆಗೆ ಎಷ್ಟು ಹೊತ್ತಿನ ದಾರಿ?"

ಕೆನೆ ಕರಗದಂತೆ ಎಷ್ಟು ಮಂಜಿನ ಪೊಟ್ಟಣ ಇಡಬೇಕೆಂಬ ಲೆಕ್ಕ ಅದು, ಎಲ್ಲರನ್ನೂ ಕೇಳುವ ಪ್ರಶ್ನೆ. ಗೊತ್ತಿದ್ದೂ ಒಂದು ಕ್ಷಣ ತಡವರಿಸುತ್ತೇನೆ. ಈ ಊರಿನಲ್ಲಿ ಬೇರೆ ಯಾರೂ ನನ್ನನ್ನು ಹಾಗೆ ಕೇಳಿಲ್ಲ. "ಹನ್ನೆರಡು ನಿಮಿಷ" ಎನ್ನುತ್ತೇನೆ. ಒಂದು ಪೊಟ್ಟಣ.

ಮರುದಿನ ರಾತ್ರಿ ಎಂಟಕ್ಕೆ ಮತ್ತೆ ಅಲ್ಲೇ. ಉಳಿದ ಕೇಕುಗಳ ಮೇಲೆ ಅರ್ಧ ಬೆಲೆಯ ಚೀಟಿ ಅಂಟಿಸುತ್ತ ಒಬ್ಬ ಬರುತ್ತಿದ್ದಾನೆ, ಹಿಂದೆಯೇ ನಾಲ್ಕೈದು ಜನ ಸದ್ದಿಲ್ಲದೆ. ಮೆಟ್ಟಿಲ ಬಳಿ ಏಣಿ ಹತ್ತಿ ಕ್ರಿಸ್‌ಮಸ್ ಮರದ ದೀಪ ಬಿಚ್ಚುತ್ತಿದ್ದಾರೆ. ನಮ್ಮಲ್ಲಿ ಹಬ್ಬದ ಮರುದಿನ ಮಾರದೆ ಉಳಿದ ಬಾಳೆಕಂದು ರಸ್ತೆಬದಿಯಲ್ಲಿ ದನಗಳ ಪಾಲು. ಇಲ್ಲಿ ಒಂದು ಎಸಳೂ ನೆಲಕ್ಕೆ ಬೀಳುವುದಿಲ್ಲ. ಓರೆಯಾಗಿ ಕತ್ತರಿಸಿದ ಮೂರು ಬಿದಿರು, ಸುತ್ತ ಪೈನ್ ಕೊಂಬೆ: ಹೊಸ ವರ್ಷದ ಕಾದೊಮಾತ್ಸು ಬಂದು ನಿಂತಾಗಿದೆ. ಇನ್ನು ಒಂದರ ಮೇಲೊಂದು ಕೂತ ಮೋಚಿ ಉಂಡೆಗಳು ಬರುತ್ತವೆ, ನೆತ್ತಿಗೆ ಕಿತ್ತಳೆ. ಧ್ವನಿವರ್ಧಕದಲ್ಲಿ ಗಂಟೆನಾದ ಹೋಗಿ ಮಿಯಾಗಿ ಮಿಚಿಯೊ 1929ರಲ್ಲಿ ರಚಿಸಿದ 'ಹಾರು ನೋ ಉಮಿ', ಕೊತೊ ತಂತಿ, ಬಿದಿರುಕೊಳಲು. ಎಷ್ಟು ನಾಚಿಕೆಯಿಲ್ಲದ ಅವಸರ! ನನಗಂತೂ ಬಲು ಇಷ್ಟ.

ಅರ್ಧ ಬೆಲೆಯ ಕೇಕು ಹಿಡಿದು ಕೌಂಟರಿಗೆ ಬರುತ್ತೇನೆ. ಅದೇ ಹುಡುಗಿ, ಅದೇ ಪ್ರಶ್ನೆ.

"ಒಂದು ಗಂಟೆ" ಎನ್ನುತ್ತೇನೆ, ಸುಳ್ಳು.

ಅವಳು ಎರಡು ಪೊಟ್ಟಣ ಇಟ್ಟು, ಇನ್ನೂ ಒಂದು ಸೇರಿಸಿ, ಕೇಕು ಅಲುಗದಂತೆ ಸಂದಿಗೆ ಕಾಗದ ತುರುಕಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚುತ್ತಾಳೆ.