ನಟಿಯರ ಪಾರಿತೋಷಕಗಳನ್ನು ಕುರಿತು

ಮುಖ್ಯೋಪಾಧ್ಯಾಯಿನಿಯ ಲೇಖನಿಯಿಂದ ಸಿನೆಮಾ ನಟಿಯರ ಮಾತು ಹೊರಡುವುದೆ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈ ತಲೆಬರಹವನ್ನು ಕಂಡು ನಗಬಹುದು. ಭೂಗೋಳದ ಪುಸ್ತಕದ ಹೊದಿಕೆಯೊಳಗೆ ಅಡಗಿಸಿಟ್ಟ ಚಿತ್ರತಾರೆಯರ ಪಟಗಳನ್ನು ನಾವು ಯಾರಿಂದ ವಶಪಡಿಸಿಕೊಂಡೆವೋ ಅವರಂತೂ ಇನ್ನೂ ಹೆಚ್ಚಾಗಿ ನಗಬಹುದು. ಆದರೂ ಬರೆಯುವುದಕ್ಕೆ ತಕ್ಕ ಕಾರಣವುಂಟು. ಬಹುಮಾನಗಳನ್ನು ಕೊಡುವುದು ನಮ್ಮ ವೃತ್ತಿಯ ಒಂದು ಭಾಗವಾಗಿದೆ. ನಲವತ್ತು ಮಂದಿಯ ತರಗತಿಯಲ್ಲಿ ಒಬ್ಬಳನ್ನು ವೇದಿಕೆಗೆ ಕರೆದಾಗ ಉಳಿದ ಮೂವತ್ತೊಂಬತ್ತು ಮಂದಿ ಚಪ್ಪಾಳೆ ತಟ್ಟುತ್ತಾ ಮನಸ್ಸಿನಲ್ಲಿ ಏನೆಂದುಕೊಳ್ಳುವರೆಂಬುದನ್ನು ನಾವು ಬಹು ವರ್ಷಗಳಿಂದ ಅವರ ಮುಖಗಳಲ್ಲಿ ಓದುತ್ತಾ ಬಂದಿದ್ದೇವೆ. ಈ ವರ್ಷವಾದರೋ ಹಳೆಯ ವಿದ್ಯಾರ್ಥಿನಿಯೊಬ್ಬರು ವಾರ್ಷಿಕೋತ್ಸವದ ನಾಟಕದಲ್ಲಿ ಅತ್ಯುತ್ತಮವಾಗಿ ಅಭಿನಯಿಸಿದ ಹುಡುಗಿಗೆ ಬೆಳ್ಳಿಯ ಪದಕವೊಂದನ್ನು ಸ್ಥಾಪಿಸಲು ದ್ರವ್ಯಸಹಾಯ ಮಾಡುವೆವೆಂದು ಮುಂದೆ ಬಂದಿದ್ದಾರೆ. ಅದನ್ನು ಸ್ವೀಕರಿಸಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮೇಜಿನ ಮೇಲಿದ್ದಾಗ, ಲೋಕದಲ್ಲಿ ನಟಿಯರಿಗೆ ಬಹುಮಾನ ಕೊಟ್ಟವರು ಅದನ್ನು ಹೇಗೆ ಕೊಟ್ಟರು, ಯಾರನ್ನು ಬಿಟ್ಟರು ಎಂಬ ಚರಿತ್ರೆಯನ್ನು ನಾವು ಕುಳಿತು ಓದಿದೆವು.

ಈ ಬಗೆಯ ಪಾರಿತೋಷಕಗಳಲ್ಲಿ ಬಹು ಪ್ರಖ್ಯಾತವಾದದ್ದು ಅಮೆರಿಕದ ಚಲಚ್ಚಿತ್ರ ಅಕಾಡೆಮಿಯವರು ಕೊಡುವ ಆಸ್ಕರ್. 1927ರಲ್ಲಿ ಹುಟ್ಟಿದ ಆ ಸಂಸ್ಥೆಯು ತನ್ನ ಮೊದಲ ಬಹುಮಾನಗಳನ್ನು 1929ನೆಯ ಮೇ 16ರಂದು ಹಾಲಿವುಡ್ಡಿನ ಒಂದು ಹೋಟೆಲಿನಲ್ಲಿ ಔತಣದೊಂದಿಗೆ ಹಂಚಿತು. ಪ್ರಥಮ ನಟಿಯೆನಿಸಿಕೊಂಡವಳು ಇಪ್ಪತ್ತೆರಡು ವರ್ಷದ ಜಾನೆಟ್ ಗೇನರ್. ಅವಳಿಗೆ ಬಹುಮಾನ ಬಂದದ್ದು ಒಂದು ಚಿತ್ರಕ್ಕಲ್ಲ, ‘ಸೆವೆಂತ್ ಹೆವನ್’, ‘ಸ್ಟ್ರೀಟ್ ಏಂಜಲ್’, ‘ಸನ್‌ರೈಸ್’ ಎಂಬ ಮೂರು ಮೂಕಚಿತ್ರಗಳಿಗೆ ಒಟ್ಟಾಗಿ. ಗೆದ್ದವರ ಹೆಸರುಗಳು ಮೂರು ತಿಂಗಳು ಮುಂಚೆಯೇ ಪ್ರಕಟವಾಗಿದ್ದುದರಿಂದ ಆ ರಾತ್ರಿ ಯಾರ ಎದೆಯೂ ಡವಡವಿಸಲಿಲ್ಲ. ಮೊಹರು ಮಾಡಿದ ಲಕೋಟೆಯನ್ನು ವೇದಿಕೆಯ ಮೇಲೆ ಒಡೆಯುವ ಪದ್ಧತಿ ಬಂದದ್ದು 1941ರಿಂದ ಈಚೆಗೆ. ಅದರ ಹಿಂದಿನ ವರ್ಷ ಪತ್ರಿಕೆಯೊಂದು ಫಲಿತಾಂಶವನ್ನು ಹೊತ್ತಿಗೆ ಮುಂಚೆ ಅಚ್ಚುಹಾಕಿಬಿಟ್ಟದ್ದೇ ಅದಕ್ಕೆ ಕಾರಣ.

ಬಹುಮಾನ ಹುಟ್ಟಿದ ಕೆಲವೇ ವರ್ಷಗಳಲ್ಲಿ ಆಕ್ಷೇಪಣೆಯೂ ಹುಟ್ಟಿತು. 1934ರ ‘ಆಫ್ ಹ್ಯೂಮನ್ ಬಾಂಡೇಜ್’ ಚಿತ್ರದಲ್ಲಿ ಬೆಟಿ ಡೇವಿಸ್ ಎಂಬ ನಟಿಯು ಕಠೋರ ಹೃದಯದ ಹೆಂಗಸಿನ ಪಾತ್ರವನ್ನು ಸ್ವಲ್ಪವೂ ಅಂದಗೊಳಿಸದೆ ಅಭಿನಯಿಸಿದ್ದಳು. ಆ ವರ್ಷದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಜನರು ಗದ್ದಲವೆಬ್ಬಿಸಲು, ಪಟ್ಟಿಯಲ್ಲಿಲ್ಲದವರ ಹೆಸರನ್ನೂ ಕೈಯಾರೆ ಬರೆದು ಮತ ಕೊಡಬಹುದೆಂದು ಅಕಾಡೆಮಿಯವರು ಸಮ್ಮತಿಸಬೇಕಾಯಿತು. ಆದರೂ 1935ರಲ್ಲಿ ಗೆದ್ದವಳು ಕ್ಲಾಡೆಟ್ ಕೋಲ್ಬರ್. ಗೆಲ್ಲುವ ಆಸೆಯಿಲ್ಲದೆ ಊರಿಗೆ ಹೊರಟಿದ್ದ ಅವಳನ್ನು ರೈಲಿನ ಬಳಿಯಿಂದ ಪ್ರಯಾಣದ ಉಡುಪಿನಲ್ಲೇ ಕರೆತಂದು ಬಹುಮಾನ ಕೊಟ್ಟರು. ಮುಂದಿನ ವರ್ಷ ಡೇವಿಸಳಿಗೆ ‘ಡೇಂಜರಸ್’ ಚಿತ್ರಕ್ಕಾಗಿ ಬಹುಮಾನ ಬಂತು. ಅದು ಹಿಂದಿನ ವರ್ಷದ ಸಮಾಧಾನಕ್ಕಾಗಿ ಬಂದದ್ದೆಂದು ಅವಳೇ ಬಾಯಿಬಿಟ್ಟು ಹೇಳಿದಳು. ಹೋದ ವರ್ಷದ ಸಾಲವನ್ನು ಈ ವರ್ಷದ ಹೆಸರಿನಲ್ಲಿ ತೀರಿಸುವ ಈ ರೂಢಿಯನ್ನು ಶಾಲೆಗಳನ್ನು ಬಲ್ಲವರು ಹೊಸದೆಂದು ತಿಳಿಯಲಾರರು.

ಕಲೆಯನ್ನು ತಕ್ಕಡಿಯಲ್ಲಿ ತೂಗುವುದು ಎಷ್ಟು ಕಷ್ಟವೆಂಬುದಕ್ಕೆ 1951ರ ಸ್ಪರ್ಧೆಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಪ್ರಾಯ ಸಂದ ನಟಿಯನ್ನು ಕಿರಿಯಳೊಬ್ಬಳು ಹಿಂದೆ ಹಾಕುವ ಕಥೆಯಾದ ‘ಆಲ್ ಅಬೌಟ್ ಈವ್’ ಚಿತ್ರದಿಂದ ಹಿರಿಯಳಾಗಿ ಬೆಟಿ ಡೇವಿಸ್, ಕಿರಿಯಳಾಗಿ ಆನ್ ಬ್ಯಾಕ್ಸ್‌ಟರ್ ಇಬ್ಬರೂ ಒಂದೇ ಬಹುಮಾನಕ್ಕೆ ನಿಂತಿದ್ದರು. ಲೋಕವು ಮರೆತುಬಿಟ್ಟ ಮೂಕಚಿತ್ರದ ನಟಿಯೊಬ್ಬಳ ಪಾತ್ರವನ್ನು ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ ವಹಿಸಿದ ಗ್ಲೋರಿಯಾ ಸ್ವಾನ್ಸನ್ ತಾನೂ ಮೂಕಚಿತ್ರಗಳ ಕಾಲದ ಹಿರಿಯ ನಟಿ. ‘ಕೇಜ್ಡ್’ ಚಿತ್ರದ ಎಲಿನರ್ ಪಾರ್ಕರಳೂ ಪಟ್ಟಿಯಲ್ಲಿದ್ದಳು. ಕಡೆಗೆ ಗೆದ್ದವಳು ‘ಬಾರ್ನ್ ಯೆಸ್ಟರ್‌ಡೇ’ ಎಂಬ ವಿನೋದಚಿತ್ರದಲ್ಲಿ, ಮಂಕಳೆಂದು ಎಲ್ಲರೂ ಎಣಿಸಿದ್ದ ಹೆಂಗಸು ಪುಸ್ತಕಗಳನ್ನೋದಿ ತನ್ನ ಬುದ್ಧಿಯನ್ನು ತಾನೇ ಕಂಡುಕೊಳ್ಳುವ ಪಾತ್ರವನ್ನು ವಹಿಸಿದ ಜೂಡಿ ಹಾಲಿಡೇ. ಈ ತೀರ್ಪು ಸರಿಯೆ ತಪ್ಪೆ ಎಂಬ ವಾದ ಇಂದಿಗೂ ಮುಗಿದಿಲ್ಲ. ನಗಿಸುವ ಪಾತ್ರಕ್ಕೂ ಪ್ರಥಮ ಸ್ಥಾನ ಸಲ್ಲಬಹುದೆಂಬುದನ್ನು ಮಾತ್ರ ನಾವು ಇದರಿಂದ ಎತ್ತಿಕೊಳ್ಳುತ್ತೇವೆ. 1969ರಲ್ಲಿಯಾದರೋ ಲಕೋಟೆಯನ್ನು ಒಡೆದ ಇಂಗ್ರಿಡ್ ಬರ್ಗ್‌ಮನ್ ಒಳಗೆ ಎರಡು ಹೆಸರುಗಳನ್ನು ಕಂಡು ಬೆರಗಾದಳು: ‘ದಿ ಲಯನ್ ಇನ್ ವಿಂಟರ್’ನ ಕ್ಯಾಥರೀನ್ ಹೆಪ್‌ಬರ್ನ್, ‘ಫನಿ ಗರ್ಲ್’ನ ಬಾರ್ಬ್ರಾ ಸ್ಟ್ರೈಸೆಂಡ್ ಇಬ್ಬರಿಗೂ ಸಮನಾದ ಮತಗಳು. ಒಬ್ಬಳು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ನಟಿಸುತ್ತಿದ್ದವಳು, ಇನ್ನೊಬ್ಬಳಿಗೆ ಅದು ಮೊಟ್ಟಮೊದಲ ಚಿತ್ರ. ಇಬ್ಬರಿಗೂ ಪೂರ್ಣ ಬಹುಮಾನವೇ ಸಂದಿತು. ಯಾರ ಗೌರವಕ್ಕೂ ಅದರಿಂದ ಕುಂದುಂಟಾಗಲಿಲ್ಲ.

ಉಪಾಧ್ಯಾಯಿನಿಯರಾದ ನಮಗೆ ಹೆಚ್ಚು ಪ್ರಿಯವಾದದ್ದು 1963ರ ಬಹುಮಾನ. ಕುರುಡಿಯೂ ಕಿವುಡಿಯೂ ಆದ ಹೆಲೆನ್ ಕೆಲರಳ ಗುರು ಆನ್ ಸಲಿವನ್ನಳ ಪಾತ್ರವನ್ನು ‘ದಿ ಮಿರಕಲ್ ವರ್ಕರ್’ ಚಿತ್ರದಲ್ಲಿ ವಹಿಸಿದ ಆನ್ ಬ್ಯಾಂಕ್ರಾಫ್ಟಳಿಗೆ ಪ್ರಧಾನ ನಟಿಯ ಬಹುಮಾನವೂ, ಹೆಲೆನ್ ಆಗಿ ನಟಿಸಿದ ಹದಿನಾರು ವರ್ಷದ ಪ್ಯಾಟಿ ಡ್ಯೂಕಳಿಗೆ ಪೋಷಕ ನಟಿಯ ಬಹುಮಾನವೂ ಒಂದೇ ರಾತ್ರಿ ಬಂದವು. ಗುರುಶಿಷ್ಯೆಯರಿಬ್ಬರ ಶ್ರಮವೂ ಒಟ್ಟಿಗೆ ಮನ್ನಣೆ ಪಡೆದ ಇಂಥ ಸಂದರ್ಭ ಬಹು ಅಪರೂಪ.

ಇಷ್ಟೇ ಆಗಿದ್ದರೆ, ತೀರ್ಪುಗಾರರು ಮನುಷ್ಯರೇ, ಒಮ್ಮೆ ಸರಿಯಾಗಿಯೂ ಒಮ್ಮೆ ತಪ್ಪಾಗಿಯೂ ತೀರ್ಮಾನಿಸುವರು ಎಂದು ಹೇಳಿ ಈ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ‘ದಿ ಗುಡ್ ಅರ್ಥ್’ ಎಂಬ ಚಿತ್ರದ ವೃತ್ತಾಂತವನ್ನು ಓದಿದ ಮೇಲೆ ನಮ್ಮ ವಿಚಾರ ಬೇರೆ ದಾರಿ ಹಿಡಿಯಿತು. ಚೀನಾ ದೇಶದಲ್ಲಿ ಮಿಶನೆರಿ ತಂದೆತಾಯಿಗಳ ಮಗಳಾಗಿ ಬೆಳೆದ ಪರ್ಲ್ ಬಕ್ 1931ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ತೆಗೆದ ಚಿತ್ರವದು. ಅದರಲ್ಲಿ ಬಡ ರೈತನ ಹೆಂಡತಿ ಓ-ಲಾನ್ ಎಂಬುದು ಪ್ರಧಾನ ಪಾತ್ರ. ಆ ಕಾಲದ ಹಾಲಿವುಡ್ಡಿನಲ್ಲಿ ಚೀನಾ ಮೂಲದ ಹೆಸರಾಂತ ನಟಿಯೊಬ್ಬಳಿದ್ದಳು; ಲಾಸ್ ಏಂಜಲೀಸಿನಲ್ಲೇ 1905ರಲ್ಲಿ ಹುಟ್ಟಿದ ಆನಾ ಮೇ ವಾಂಗ್. ಆ ಪಾತ್ರ ತನಗೆ ದೊರೆಯಬೇಕೆಂದು ಅವಳು ಹಂಬಲಿಸಿದಳು. ಆದರೆ ರೈತನ ಪಾತ್ರವು ಬಿಳಿಯ ನಟನಾದ ಪಾಲ್ ಮುನಿಗೆ ಸಂದಿತ್ತು. ಬೇರೆ ಬೇರೆ ವರ್ಣದವರನ್ನು ಪರದೆಯ ಮೇಲೆ ದಂಪತಿಗಳಾಗಿ ತೋರಿಸುವುದಕ್ಕೆ ಅಂದಿನ ಚಿತ್ರೋದ್ಯಮದವರು ಒಪ್ಪುತ್ತಿರಲಿಲ್ಲ. ಸಂಸಾರವನ್ನು ಕೆಡಿಸುವ ಎರಡನೆಯ ಹೆಂಗಸಿನ ಪಾತ್ರವನ್ನು ವಾಂಗಳಿಗೆ ಕೊಡಮಾಡಲು ಅವಳು ಬೇಡವೆಂದಳು. ಓ-ಲಾನಳ ಪಾತ್ರ ಯೂರೋಪಿನಿಂದ ಬಂದ ಲೂಯಿಸ್ ರೈನರಳ ಪಾಲಾಯಿತು; 1938ರಲ್ಲಿ ಅತ್ಯುತ್ತಮ ನಟಿಯ ಬಹುಮಾನವೂ ಅವಳ ಪಾಲಾಯಿತು. ಹಿಂದಿನ ವರ್ಷದ್ದೂ ಅವಳದೇ ಆಗಿದ್ದುದರಿಂದ, ಎರಡು ವರ್ಷ ಎಡೆಬಿಡದೆ ಗೆದ್ದ ಮೊದಲ ನಟಿಯೆಂಬ ಕೀರ್ತಿ ಅವಳಿಗೆ ಬಂತು.

ರೈನರ್ ಚೆನ್ನಾಗಿ ನಟಿಸಲಿಲ್ಲವೆಂದು ನಾವು ಹೇಳುವುದಿಲ್ಲ. ಆ ಎರಡು ಬಹುಮಾನಗಳಿಂದ ತನಗೆ ಕೇಡೇ ಆಯಿತೆಂದು ಅವಳೇ ಮುಂದೆ ಹೇಳಿದ್ದುಂಟು. ಕೆಲವೇ ವರ್ಷಗಳಲ್ಲಿ ಹಾಲಿವುಡ್ಡನ್ನು ಬಿಟ್ಟು, 2014ರಲ್ಲಿ ನೂರನಾಲ್ಕು ವರ್ಷದವಳಾಗಿ ತೀರಿಕೊಂಡಳು. 1961ರಲ್ಲಿ ತೀರಿಕೊಂಡ ವಾಂಗಳ ಹೆಸರು ಒಮ್ಮೆಯೂ ಆ ಪಟ್ಟಿಗೆ ಏರಲಿಲ್ಲ. 2022ರಲ್ಲಿ ಅಮೆರಿಕದ ಸರ್ಕಾರದವರು ತಮ್ಮ ಕಾಲು ಡಾಲರಿನ ನಾಣ್ಯದ ಮೇಲೆ ಅವಳ ಮುಖವನ್ನು ಅಚ್ಚೊತ್ತಿದರು. ಮತ ಎಣಿಸಿದವರು 1938ರಲ್ಲಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ವಾಂಗಳಿಗೆ ನ್ಯಾಯ ದೊರಕಿಸಲು ಅವರಿಂದಾಗುತ್ತಿರಲಿಲ್ಲ. ಏಕೆಂದರೆ ಅನ್ಯಾಯವು ಬಹುಮಾನ ಕೊಡುವಾಗ ಆಗಲಿಲ್ಲ, ಪಾತ್ರ ಹಂಚುವಾಗಲೇ ಆಗಿಹೋಗಿತ್ತು.

ಈ ಒಂದು ಮಾತನ್ನು ಕೈದೀಪವಾಗಿ ಹಿಡಿದು ನೋಡಿದರೆ ಉಳಿದ ಸಂಗತಿಗಳು ತಾವಾಗಿಯೇ ಕಾಣುವುವು. 1936ರ ಪಟ್ಟಿಯಲ್ಲಿ ‘ದಿ ಡಾರ್ಕ್ ಏಂಜಲ್’ ಚಿತ್ರಕ್ಕಾಗಿ ಹೆಸರು ಬಂದ ಮರ್ಲ್ ಒಬೆರಾನ್ ಮುಂಬಯಿಯಲ್ಲಿ ಹುಟ್ಟಿದವಳು. ತಾನು ದೂರದ ಟ್ಯಾಸ್ಮೇನಿಯಾದವಳೆಂದು ಹೇಳಿಕೊಂಡು, ತನ್ನಲ್ಲಿ ಹರಿಯುತ್ತಿದ್ದ ಹಿಂದೂದೇಶದ ರಕ್ತವನ್ನು ಬಚ್ಚಿಟ್ಟೇ ಅವಳು ಬಾಳಬೇಕಾಯಿತು. 1955ರಲ್ಲಿ ಡೊರೊತಿ ಡ್ಯಾಂಡ್ರಿಜ್ ‘ಕಾರ್ಮೆನ್ ಜೋನ್ಸ್’ ಚಿತ್ರದಿಂದ ಪ್ರಧಾನ ನಟಿಯರ ಪಟ್ಟಿಗೆ ಬಂದ ಮೊದಲ ಕಪ್ಪುವರ್ಣದ ಸ್ತ್ರೀಯಾದಳು. ಬಹುಮಾನ ಗ್ರೇಸ್ ಕೆಲ್ಲಿಗೆ ಹೋಯಿತು. ಕಪ್ಪುವರ್ಣದ ಸ್ತ್ರೀಯೊಬ್ಬಳು ಅದನ್ನು ಕೈಯಲ್ಲಿ ಹಿಡಿಯಲು 2002ರಲ್ಲಿ ಹಾಲಿ ಬೆರಿ ಬರಬೇಕಾಯಿತು. ಕಣ್ಣೀರಿಡುತ್ತಾ ಅವಳು ಮೊದಲು ನೆನೆದ ಹೆಸರುಗಳಲ್ಲಿ ಡ್ಯಾಂಡ್ರಿಜಳದೂ ಒಂದು. ಮಲೇಶಿಯಾದಲ್ಲಿ ಹುಟ್ಟಿದ ಮಿಶೆಲ್ ಯೋ ಗೆದ್ದದ್ದು 2023ರಲ್ಲಿ. ಈ ನಡುವಣ ದೀರ್ಘಕಾಲದಲ್ಲಿ ಇವರಿಗೆ ಸಮಾನರಾದ ಕಲಾವಿದೆಯರೇ ಇರಲಿಲ್ಲವೆ? ಇದ್ದರು, ಅವರಿಗೆ ತಕ್ಕ ಪಾತ್ರಗಳನ್ನು ಬರೆದವರೂ ಕೊಟ್ಟವರೂ ವಿರಳರಾಗಿದ್ದರು.

ನಮ್ಮ ದೇಶದ ಕಡೆಗೆ ತಿರುಗಿದರೆ, 1954ರಲ್ಲಿ ಆರಂಭವಾದ ಫಿಲ್ಮ್‌ಫೇರ್ ಬಹುಮಾನದ ಮೊದಲ ನಟಿ ಮೀನಾಕುಮಾರಿ. 1963ರಲ್ಲಂತೂ ಪಟ್ಟಿಯಲ್ಲಿದ್ದ ಮೂರು ಹೆಸರುಗಳೂ ಅವಳವೇ. ‘ಆರತಿ’, ‘ಮೈ ಚುಪ್ ರಹೂಂಗಿ’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಎಂಬ ತನ್ನ ಮೂರು ಚಿತ್ರಗಳೊಳಗೇ ಸ್ಪರ್ಧೆ ನಡೆದು ಕಡೆಯದು ಗೆದ್ದಿತು. ವೈಜಯಂತಿಮಾಲೆಯು ‘ದೇವದಾಸ್’ ಚಿತ್ರಕ್ಕೆ ಪೋಷಕ ನಟಿಯ ಬಹುಮಾನ ಬಂದಾಗ, ತನ್ನ ಪಾತ್ರ ಇನ್ನೊಬ್ಬ ನಾಯಕಿಯ ಪಾತ್ರಕ್ಕೆ ಕಡಿಮೆಯಾದುದಲ್ಲವೆಂದು ಹೇಳಿ ಅದನ್ನು ಸ್ವೀಕರಿಸಲಿಲ್ಲ.

ಕನ್ನಡಿಗರಾದ ನಾವು ಹೆಮ್ಮೆಪಡಬೇಕಾದ ಸಂಗತಿಯೂ ಒಂದುಂಟು. ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟಿಯ ಗೌರವವನ್ನು 1973ನೆಯ ಸಾಲಿಗೆ ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ, 2004ನೆಯ ಸಾಲಿಗೆ ‘ಹಸೀನಾ’ದ ತಾರಾ, 2007ನೆಯ ಸಾಲಿಗೆ ‘ಗುಲಾಬಿ ಟಾಕೀಸ್’ನ ಉಮಾಶ್ರೀ ಪಡೆದರು. ಕಡೆಯ ಎರಡು ಚಿತ್ರಗಳನ್ನೂ ನಿರ್ದೇಶಿಸಿದವರು ಗಿರೀಶ ಕಾಸರವಳ್ಳಿಯವರು. ಆದರೆ ಆ ಪಾತ್ರಗಳು ಮೊದಲು ಹುಟ್ಟಿದ್ದು ಇಬ್ಬರು ಲೇಖಕಿಯರ ಕಥೆಗಳಲ್ಲಿ. ಗಂಡ ಕೈಬಿಟ್ಟ ಮೇಲೆ ಹೆಣ್ಣುಮಕ್ಕಳೊಡನೆ ನ್ಯಾಯ ಕೇಳುವ ಹಸೀನಾ ಬಾನು ಮುಷ್ತಾಕರ ಕಥೆಯಿಂದ ಬಂದವಳು. ಕಡಲತೀರದ ಸೂಲಗಿತ್ತಿ ಗುಲಾಬಿ ವೈದೇಹಿಯವರ ಕಥೆಯಿಂದ ಬಂದವಳು. ಬಹುಕಾಲ ಹಾಸ್ಯಪಾತ್ರಗಳಿಗೇ ಹೆಸರಾಗಿದ್ದ ಉಮಾಶ್ರೀಯವರೊಳಗೆ ಗುಲಾಬಿಯಂಥವಳು ಇದ್ದಳೆಂಬುದು, ಆ ಪಾತ್ರವನ್ನು ಒಬ್ಬರು ಬರೆದು ಇನ್ನೊಬ್ಬರು ನಂಬಿ ಕೊಟ್ಟ ಮೇಲಲ್ಲವೆ ಲೋಕಕ್ಕೆ ಪೂರ್ತಿಯಾಗಿ ತಿಳಿದದ್ದು!

ಇನ್ನು ಪದಕದ ವಿಷಯ. ಶಾಲೆಗಳ ನಾಟಕಗಳಲ್ಲಿ ರಾಣಿಯ ಪಾತ್ರ ಯಾರಿಗೆ ಹೋಗುತ್ತದೆಂಬುದನ್ನು ಪೋಷಕರೆಲ್ಲರೂ ಬಲ್ಲರು. ಬಿಳುಪಾದ ಹುಡುಗಿಗೆ, ಸ್ವರವೆತ್ತಿ ಮಾತಾಡುವವಳಿಗೆ, ರೇಶ್ಮೆಯ ಉಡುಪನ್ನು ಮನೆಯಿಂದ ತರಬಲ್ಲವಳಿಗೆ ಅದು ಸಲೀಸಾಗಿ ಸಲ್ಲುವುದು ಎಲ್ಲ ಕಡೆಯ ರೂಢಿ. ಕಪ್ಪಗಿರುವವಳು ದಾಸಿಯಾಗುವಳು, ಹಾಸ್ಟೆಲಿನ ಹುಡುಗಿ ಪರದೆ ಎಳೆಯುವಳು, ಮನೆಯಲ್ಲಿ ಬೇರೆ ಭಾಷೆಯಾಡುವವಳು ಮರವಾಗಿ ನಿಲ್ಲುವಳು. ಮರವಾಗಿ ನಿಂತವಳನ್ನು ರಾಣಿಯೊಡನೆ ಹೋಲಿಸಿ ರಾಣಿಗೆ ಪದಕ ಕೊಟ್ಟರೆ, ತೀರ್ಪುಗಾರರು ಎಷ್ಟು ನಿಷ್ಪಕ್ಷಪಾತಿಗಳಾದರೇನು? ಆ ಬೆಳ್ಳಿಯು ರೂಢಿಯ ಮೇಲೆ ಒತ್ತಿದ ಮೊಹರಾಗುವುದೇ ಹೊರತು ಗುಣದ ಗುರುತಾಗಲಾರದು.

ಆದಕಾರಣ ನಾವು ದಾನಿಗಳೊಡನೆ ಮಾತಾಡಿ, ಅವರ ಪೂರ್ಣ ಸಮ್ಮತಿಯಿಂದ, ಪದಕವನ್ನು ಕೆಲವು ನಿಯಮಗಳಿಗೊಳಪಡಿಸಿ ಸ್ವೀಕರಿಸಿದ್ದೇವೆ. ನಾಟಕಕ್ಕೆ ಆರು ವಾರ ಮುಂಚೆ ಎಲ್ಲ ಪಾತ್ರಗಳ ಮಾತುಗಳನ್ನೂ ಫಲಕದ ಮೇಲೆ ಹಚ್ಚಲಾಗುವುದು. ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಯಾವ ಹುಡುಗಿಯಾದರೂ ತನಗಿಷ್ಟವಾದ ಪಾತ್ರವನ್ನು ಓದಿ ತೋರಿಸಬಹುದು. ಒಂದು ವರ್ಷ ಪ್ರಧಾನ ಪಾತ್ರ ವಹಿಸಿದವಳು ಮರುವರ್ಷ ಹೊಸಬಳಿಗೆ ಕಲಿಸಿಕೊಡಬೇಕು. ಉಡುಪುಗಳ ವೆಚ್ಚ ಶಾಲೆಯದೇ ಹೊರತು ಮನೆಯವರದಲ್ಲ. ಹಾಸ್ಯಪಾತ್ರಕ್ಕೂ ಮುದುಕಿಯ ಪಾತ್ರಕ್ಕೂ ಪದಕ ಸಲ್ಲಬಹುದು. ಇಬ್ಬರು ಸಮಾನರೆಂದು ಕಂಡರೆ ಎರಡು ಪದಕಗಳನ್ನು ಮಾಡಿಸತಕ್ಕದ್ದು.

ನೋಟೀಸು ಹಚ್ಚಿದ ವಾರವೇ, ತರಗತಿಯಲ್ಲಿ ಪ್ರಶ್ನೆ ಕೇಳಿದರೆ ನೆಲ ನೋಡುವ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಫಲಕದ ಮುಂದೆ ನಿಂತು ರಾಣಿಯ ಮಾತುಗಳನ್ನು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದುದನ್ನು ನಾವು ಕಿಟಕಿಯಿಂದ ಕಂಡೆವು. ಅವಳಿಗೆ ಪಾತ್ರ ದೊರೆಯುವುದೋ ಇಲ್ಲವೋ, ಓದಿ ನೋಡಿದ ಮೇಲೆ ತಿಳಿಯುವುದು.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಂದಿರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಪೆಟ್ಟಿಗೆಯಲ್ಲಿ ಉಡದೆ ಮಡಿಚಿಟ್ಟ ಸೀರೆಗಳು, ಜರಿಯ ಅಂಚುಗಳು, ಮಣಿಸರಗಳು ಇದ್ದರೆ ಶಾಲೆಗೆ ಕಳುಹಿಸಿಕೊಡಿರಿ. ಯಾರು ಉಡುವರೆಂದು ಮಾತ್ರ ಈಗಲೇ ಕೇಳಬೇಡಿರಿ.