ನೀರಿಲ್ಲದ ಜಲಪಾತ ನೋಡೋಣ ಬರ್ರಿ

ಬೇಸಿಗೆ ರಜೆಗೆ ಊರಿಗೆ ಹೊರಟಿದ್ದೇನೆ ಅಂದರೆ ಬೆಂಗಳೂರಿನ ಗೆಳೆಯರ ಮುಖ ಅರಳುತ್ತದೆ. ಊರು ಕಲಬುರಗಿ ಅಂದಕೂಡಲೇ, ‘ಮೇ ತಿಂಗಳಲ್ಲಾ?’ ಎಂಬ ಪ್ರಶ್ನೆ ಬರುತ್ತದೆ. ಹೌದು, ಮೇ ತಿಂಗಳಲ್ಲೇ. ಮಕ್ಕಳಿಗೆ ರಜೆ ಇರುವುದು, ಅಕ್ಕತಂಗಿಯರು ತವರಿಗೆ ಬರುವುದು, ಮಾವಿನಹಣ್ಣಿನ ಸೀಕರಣಿ ಪಾತೇಲಿ ತುಂಬ ಆಗುವುದು ಆಗಲೇ ಅಲ್ಲವೇ? ಬಿಸಿಲು 43 ಡಿಗ್ರಿ ದಾಟುತ್ತದೆ, ನಿಜ. ಬಿಸಿಲಿಗೆ ಅಂಜಿದವರಿಗೆ ಸೀಕರಣಿ ಇಲ್ಲ.

ಬಿಸಿಲಿನ ಜೊತೆ ಬಾಳುವ ಲೆಕ್ಕ ಈ ಊರಿಗೆ ಚೆನ್ನಾಗಿ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಮೇಲೆ ಊಟ ಮುಗಿಸಿ ಏನೂ ಹಾಸದೆ ಬರಿ ಫರಸಿಯ ಮೇಲೆ ಬೆನ್ನು ಚಾಚಿದರೆ ಆ ತಂಪಿಗೆ ಯಾವ ಏಸಿ ಸಮ? ಈ ಫರಸಿ ಪಕ್ಕದ ಶಹಾಬಾದಿನದು. ಒಂದಾನೊಂದು ಕಾಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಸಮುದ್ರದ ತಳದ ಮೇಲೆ ಮಲಗುತ್ತೇವೆ, ನೋಡಿ!

ಫೋಟೊ ಹುಚ್ಚು ಇರುವವರು ಆ ಹೊತ್ತಿನಲ್ಲಿ ಮಲಗುವುದಿಲ್ಲ, ಕೋಟೆಗೆ ಹೋಗುತ್ತಾರೆ. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದವರು ಕಲಬುರಗಿಯನ್ನೇ ರಾಜಧಾನಿ ಮಾಡಿಕೊಂಡರು. ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ಇದೆ. ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ, ಪೂರ್ತಿ ಛಾವಣಿ. ಬಿಸಿಲು ಕಂಡೇ ಹಾಗೆ ಕಟ್ಟಿದರು ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಹೊರಗೆ ನೆತ್ತಿ ಸುಡುವಾಗ ಒಳಗೆ ಕಮಾನಿನ ಹಿಂದೆ ಕಮಾನು, ನೆರಳಿನ ಹಿಂದೆ ನೆರಳು. ಅಲ್ಲಿ ಕ್ಯಾಮೆರಾಕ್ಕೆ ನಡುಮಧ್ಯಾಹ್ನವೇ ಒಳ್ಳೆಯ ಹೊತ್ತು.

ಜಲಪಾತದ ಮಾತು ಎತ್ತಿ ಎಲ್ಲಿಗೋ ಹೋದೆ. ನಮ್ಮ ಜಿಲ್ಲೆಯ ದೊಡ್ಡ ಹೆಸರು ಚಿಂಚೋಳಿ ಕಾಡಿನ ಎತ್ತಿಪೋತ. ‘ನಾಳಿ ಅಲ್ಲಿಗೆ ಹೋಗ್ತೀನವ್ವಾ’ ಅಂದರೆ ಅವ್ವ ಬಿಡುತ್ತಾಳೆಯೇ? ‘ಬ್ಯಾಸಗ್ಯಾಗ ಎಲ್ಲಿ ನೀರ್ ಬೀಳ್ತಾವಪ್ಪಾ? ಕಲ್ ನೋಡ್ಲಾಕ ಹೋಗ್ತಿ ಏನು?’ ಅಂದಳು. ಅಂದವಳೇ ನಸುಕಿನಲ್ಲಿ ಎದ್ದು ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿಕೊಟ್ಟಳು.

ಮಹಾಗಾಂವ್ ಕ್ರಾಸ್‌ನಲ್ಲಿ ಚಿಂಚೋಳಿ ದಾರಿ ಹಿಡಿಯಬೇಕು. ನಾವು ಹಿಡಿಯಲಿಲ್ಲ. ಹುಮನಾಬಾದ್ ರಸ್ತೆಯಲ್ಲೇ ಮುಂದೆ ಹೋದರೆ ಕುರಿಕೋಟಾ ಸೇತುವೆ, ಕೆಳಗೆ ಬೆಣ್ಣೆತೊರಾದ ಹಿನ್ನೀರು, ಆಚೆಗೆ ಕಮಲಾಪುರ. ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನದೆ ಆ ಕಡೆ ಹೋಗುವುದೆಂದರೇನು? ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು ಅದು. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಕಾಯಿಸಿ ಗೊನೆ ಕೊಡುತ್ತದೆ, ಬೆಲೆಯೂ ಹೆಚ್ಚು. ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ ಎಂಬ ಸಂಕಟ ನನಗಿದೆ. ದಾರಿಯಲ್ಲಿ ಕಂಡರೆ ಚೌಕಾಸಿ ಮಾಡದೆ ಕೊಳ್ಳಿ.

ಇನ್ನು ಎತ್ತಿಪೋತ. 2011ರಲ್ಲಿ ವನ್ಯಜೀವಿಧಾಮವಾದ ಈ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಿರುತ್ತದೆ. ಮಳೆಗಾಲದಲ್ಲಿ ಹತ್ತು ಹೆಜ್ಜೆ ಆಚೆ ಕಾಣದ ಜಾಗದಲ್ಲಿ ಈಗ ಹಳ್ಳದ ಇಡೀ ಮೈ ಕಾಣುತ್ತದೆ. ಅವ್ವ ಹೇಳಿದ್ದು ಖರೆ, ನೋಡಿದ್ದು ಕಲ್ಲನ್ನೇ. ಆದರೆ ಎಂಥ ಕಲ್ಲು! ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಲಾವಾ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ನಮ್ಮ ಜಿಲ್ಲೆಯ ಈ ಬಡಗಣ ಭಾಗವನ್ನು ಮೆಟ್ಟಿಲುಮೆಟ್ಟಿಲಾಗಿ ಮಾಡಿಟ್ಟಿದೆ. ಮೆದು ಪದರ ಬೇಗ ಸವೆಯುತ್ತದೆ, ಗಟ್ಟಿ ಪದರ ತಡೆದು ನಿಲ್ಲುತ್ತದೆ. ನೀರು ಧುಮುಕುವುದು ಅಲ್ಲೇ. ಶ್ರಾವಣದಲ್ಲಿ ನೊರೆ ಇದನ್ನೆಲ್ಲ ಮುಚ್ಚಿಬಿಡುತ್ತದೆ. ಎಲ್ಲರೂ ಆಗಲೇ ಬಂದು, ಟ್ರೈಪಾಡ್ ನಿಲ್ಲಿಸಿ, ಶಟರ್ ಅರ್ಧ ಸೆಕೆಂಡು ತೆರೆದಿಟ್ಟು ನೀರನ್ನು ಹಾಲಿನಂತೆ ಹಿಡಿಯುತ್ತಾರೆ. ಅದು ಚಂದವೇ. ಆದರೆ ಆ ಹಾಲು ಎಲ್ಲ ಜಲಪಾತದಲ್ಲೂ ಒಂದೇ ತರಹ. ಊರಿಗೊಂದು ಬಗೆ ಇರುವುದು ಕಲ್ಲು. ನೀರು ಕೊರೆದ ಗುಂಡಿ, ಒಣಗಿದ ಪಾಚಿಯ ಗೆರೆ, ಬಂಡೆಯ ಬಿರುಕಿನಲ್ಲಿ ಇನ್ನೂ ಹಸಿರಾಗಿರುವ ಒಂದು ಗಿಡ, ಇವನ್ನು ಮೇ ತಿಂಗಳೇ ತೋರಿಸಬೇಕು. ಬಿಸಿಲೇರುವ ಮುಂಚೆ, ಬೆಳಕು ಅಡ್ಡ ಬೀಳುವಾಗ ತೆಗೆದರೆ ಪದರಗಳೆಲ್ಲ ಎದ್ದು ಕಾಣುತ್ತವೆ.

ನೀವು ಈ ಕಡೆಯವರಾಗಿದ್ದು ರಜೆಗೆ ಬಂದಿದ್ದರೆ ಒಂದು ಕೆಲಸ ಮಾಡಿ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು, ನೀರು, ಮಜ್ಜಿಗೆ ಸಾಕಷ್ಟು ಹೊತ್ತುಕೊಂಡು ನಸುಕಿನಲ್ಲೇ ಹೋಗಿ. ಒಂದು ಬಂಡೆ ಗುರುತು ಮಾಡಿ, ಅಲ್ಲಿ ನಿಂತು ಒಣ ಜಲಪಾತದ ಒಂದು ಫೋಟೊ ತೆಗೆಯಿರಿ. ಶ್ರಾವಣದಲ್ಲಿ ಇನ್ನೊಮ್ಮೆ ಬಂದು, ನೀರಿನ ಸೆಳವು ಅನುವು ಕೊಟ್ಟರೆ, ಅದೇ ಬಂಡೆಯ ಮೇಲಿಂದ ಇನ್ನೊಂದು ತೆಗೆಯಿರಿ. ಎರಡನ್ನೂ ಮನೆಯ ಮಕ್ಕಳಿಗೆ ಒಟ್ಟಿಗೆ ತೋರಿಸಿ.