ಕಾಂಡ್ಲಾ ಬುಡದಿಂದ ನೇತ್ರಾಣಿ ಕಲ್ಲಿನವರೆಗೆ

ಮುರುಡೇಶ್ವರಕ್ಕೆ ಹೋಗುವವರಲ್ಲಿ ಈಗ ಎರಡು ಥರ. ಶಿವನನ್ನು ನೋಡಲು ಬರುವವರು, ನೇತ್ರಾಣಿಯಲ್ಲಿ ಮುಳುಗಲು ಬರುವವರು. ಎರಡನ್ನೂ ಒಂದೇ ದಿನಕ್ಕೆ ಮುಗಿಸಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವವರೂ ಇದ್ದಾರೆ ಬಿಡಿ. ನಮ್ಮ ಆಫೀಸಿನ ಗುಂಪು ಎರಡನೇ ಥರದ್ದು. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ. ದಡದಿಂದ ನೋಡಿದರೆ ಸಮುದ್ರದ ಮೇಲೆ ಬೋರಲು ಹಾಕಿದ ಬಟ್ಟಲಿನ ಹಾಗೆ ಕಾಣುವ ಗುಡ್ಡ. ಮೇಲೆ ಪಾರಿವಾಳ, ಸಮುದ್ರ ಹದ್ದು. ಕೆಳಗೆ, ನೀರಿನೊಳಗೆ, ಬಂಡೆಯನ್ನು ಹಿಡಿದು ಬೆಳೆದ ಹವಳ. ಲಕ್ಷದ್ವೀಪದ ಹಾಗೆ ಹವಳವೇ ಕಟ್ಟಿದ ನೆಲವಲ್ಲ ಇದು. ಕಲ್ಲಿನ ಮೇಲೆ ಅಲ್ಲಲ್ಲಿ ಹರಡಿಕೊಂಡ ಹವಳ. ಆದರೂ ಕರ್ನಾಟಕದಲ್ಲಿ ಹವಳ ನೋಡಬೇಕು ಅಂದರೆ ಎಲ್ಲರೂ ಮೊದಲು ಹೇಳುವ ಹೆಸರು ಇದೇ.

ಮುಖಕ್ಕೆ ಮಾಸ್ಕ್ ಹಾಕಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದರೆ ಮೊದಲು ಕಾಣೋದು ಬಣ್ಣಬಣ್ಣದ ಚಿಟ್ಟೆಮೀನು, ಹವಳದ ಕಲ್ಲನ್ನು ಕಟಕಟ ಅಂತ ಕೆರೆಯುವ ಗಿಳಿಮೀನು. ಆ ಸದ್ದು ನಿಜವಾಗಿಯೂ ಕೇಳುತ್ತದೆ. ಸ್ವಲ್ಪ ಕಣ್ಣು ಪಳಗಿದ ಮೇಲೆ ಬಂಡೆಯ ಸಂದಿಯಲ್ಲಿ ದೊಡ್ಡವರು ಕಾಣುತ್ತಾರೆ. ಕೊಂಕಣಿಯಲ್ಲಿ ಗೊಬ್ರೊ ಅನ್ನುವ ಗ್ರೂಪರ್, ತಾಮ್ರದ ಬಣ್ಣದ ಕೆಂಬೇರಿ. ಎಲ್ಲರ ಗೋಪ್ರೋ ಹೋಗೋದು ಚಿಟ್ಟೆಮೀನಿನ ಹಿಂದೆ. ನಾನು ಹೇಳಹೊರಟಿರೋದು ಆ ಕೆಂಬೇರಿಯ ಕಥೆ. ಯಾಕಂದರೆ ಅದು ಹುಟ್ಟಾ ನೇತ್ರಾಣಿಯ ನಿವಾಸಿ ಅಲ್ಲ.

ಇದನ್ನು ನನಗೆ ಮೊದಲು ಹೇಳಿದ್ದು ಪುಸ್ತಕವಲ್ಲ, ಹೊನ್ನಾವರದ ಮೀನು ಮಾರ್ಕೆಟ್ಟಿನ ಹೊರಗೆ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು. ನೇತ್ರಾಣಿಯಲ್ಲಿ ದೊಡ್ಡ ಕೆಂಬೇರಿ ನೋಡಿದೆ ಅಣ್ಣ ಅಂದೆ. ಅವರು ತಲೆಯೆತ್ತದೆ, "ಸಣ್ಣದಿರ್ವಾಗ ಅದು ಇಲ್ಲೇ ಇರ್ತದೆ ತಮಾ, ಕಾಂಡ್ಲಾ ಬುಡ್ದಲ್ಲಿ. ದೊಡ್ಡದಾದ್ಮೇಲೆ ಕಲ್ಲಿಗೆ ಹೋಗ್ತದೆ" ಅಂದರು. ಅಷ್ಟೇ. ಮುಂದೆ ಬಲೆ ಬಿಡಿಸಿದರು.

ಆ ಎರಡು ವಾಕ್ಯದ ಹಿಂದೆ ಎಷ್ಟೊಂದು ವಿಜ್ಞಾನ ಇದೆ ಅಂತ ಗೊತ್ತಾಗಬೇಕಾದರೆ ಹೊನ್ನಾವರದಲ್ಲಿ ಅರ್ಧ ದಿನ ಇಳಿಯಬೇಕು. ಜೋಗದಲ್ಲಿ ಧುಮುಕಿದ ಶರಾವತಿ ಸಮುದ್ರ ಸೇರುವುದು ಇಲ್ಲೇ. ರೈಲಿನಲ್ಲಿ ಬಂದರೆ ಎರಡು ಕಿ.ಮೀ. ಉದ್ದದ ಸೇತುವೆಯ ಮೇಲಿಂದ ಇಡೀ ಅಳಿವೆ ಕಾಣುತ್ತದೆ. ಅಳಿವೆಯ ಅಂಚಿನಲ್ಲಿ, ಕುದ್ರುಗಳ ಸುತ್ತ ಕಾಂಡ್ಲಾ ಕಾಡು. ಅರಣ್ಯ ಇಲಾಖೆ ಆ ಕಾಡಿನೊಳಗೆ ನಡೆದು ಹೋಗಲು ಬೋರ್ಡ್‌ವಾಕ್ ಮಾಡಿದೆ. ಅಲ್ಲಿಗೆ ಬರುವವರು ಹೆಚ್ಚಾಗಿ ಫೋಟೋಕ್ಕೆ ಬರುತ್ತಾರೆ. ಹಸಿರು ಕಮಾನು, ಮಧ್ಯೆ ದಾರಿ, ರೀಲ್ಸ್‌ಗೆ ಹೇಳಿ ಮಾಡಿಸಿದ ಜಾಗ. ನೀವು ಸ್ವಲ್ಪ ಹೊತ್ತು ಕೆಳಗೆ ನೋಡಿ.

ಇಳಿತದಲ್ಲಿ ಹೋದರೆ ಕಾಣೋದು ಕೆಸರು, ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದ ಉಸಿರುಬೇರುಗಳು, ಇನ್ನೊಂದು ಜಾತಿಯ ಮರದಲ್ಲಿ ಕಾಂಡದಿಂದ ಕಮಾನಿನ ಹಾಗೆ ಇಳಿದ ಬೇರುಗಳು. ಕೆಸರಿನ ಮೇಲೆ ರೆಕ್ಕೆಯೂರಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನು. ಚರ್ಮ ಒದ್ದೆ ಇರುವಷ್ಟು ಹೊತ್ತು ಅದಕ್ಕೆ ಗಾಳಿಯಲ್ಲೂ ಉಸಿರಾಟ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅಲ್ಲಿಂದ ಎಬ್ಬಿಸೋದು ಕಷ್ಟ, ಮೊದಲೇ ಹೇಳಿದ್ದೇನೆ. ಭರತ ಏರುವಾಗ ಇಡೀ ದೃಶ್ಯ ಬದಲಾಗುತ್ತದೆ. ಕಾಲುವೆಯಲ್ಲಿ ಕಾಯುತ್ತಿದ್ದ ಬೆರಳುದ್ದದ ಮೀನುಗಳು ನೀರಿನ ಜೊತೆಗೇ ಬೇರುಗಳ ನಡುವೆ ನುಗ್ಗುತ್ತವೆ.

ಯಾಕೆ ಇಲ್ಲಿಗೇ? ಮೊದಲನೆಯದು ಹೊಟ್ಟೆ. ಕಾಂಡ್ಲಾ ಎಲೆ ಉದುರಿ ಕೊಳೆಯುತ್ತದೆ, ಅದನ್ನು ಏಡಿ ಹರಿಯುತ್ತದೆ, ಸೂಕ್ಷ್ಮಜೀವಿಗಳು ಹತ್ತುತ್ತವೆ, ಅವನ್ನು ತಿನ್ನುವ ಹುಳು, ಸಿಗಡಿಮರಿ, ಆಮೇಲೆ ಮೀನುಮರಿ. ಎರಡನೆಯದು ಜೀವಭಯ. ಬೇರಿನ ಜಾಲರಿಯೊಳಗೆ ದೊಡ್ಡ ಮೀನು ನುಗ್ಗೋಕಾಗಲ್ಲ. ನೀರು ಕದಡಿರುವುದರಿಂದ ದೂರದಿಂದ ಕಾಣುವುದೂ ಇಲ್ಲ. ಪ್ರವಾಸಿಗರು ಮೂಗು ಮುಚ್ಚಿಕೊಂಡು "ಏನಿದು ಇಷ್ಟು ಕೊಳಕು ನೀರು" ಅನ್ನೋದು ಮರಿಗಳ ಪಾಲಿಗೆ ಕವಚ.

ಕೆಂಬೇರಿಯ ಬದುಕು ನೋಡಿ. ದೊಡ್ಡ ಮೀನುಗಳು ಮೊಟ್ಟೆ ಇಡುವುದು ಹೊರಸಮುದ್ರದಲ್ಲಿ. ಮೊಟ್ಟೆಯೊಡೆದ ಮರಿ ಕೆಲವು ವಾರ ಅಲೆಯ ಜೊತೆ ತೇಲುತ್ತದೆ. ಆಮೇಲೆ ಅಳಿವೆ ಹುಡುಕಿ ಒಳಗೆ ಬಂದು ಕಾಂಡ್ಲಾದ ಬೇರು, ಕಲ್ಲಿನ ಸಂದಿ, ಬಿದ್ದ ಮರದ ದಿಮ್ಮಿಯ ಕೆಳಗೆ ವರ್ಷಗಟ್ಟಲೆ ಇರುತ್ತದೆ. ಸಿಹಿನೀರಿನವರೆಗೂ ಹೋಗುವುದುಂಟು. ಬಲಿತ ಮೇಲೆ ಅಳಿವೆ ದಾಟಿ ಆಳದ ಕಲ್ಲುಗಳಿಗೆ ಹೋಗುತ್ತದೆ. ಅಳಿವೆಯ ಮರಿಗೂ ಹೊರಗಿನ ಕಲ್ಲಿಗೂ ನಂಟಿರುವ ಗ್ರೂಪರ್ ಜಾತಿಗಳೂ ಇವೆ. ಕುರುಡಿಯದ್ದು ಇನ್ನೂ ಮಜಾ. ಅದು ಮೊದಲು ಗಂಡಾಗಿ ಬಲಿತು, ಕೆಲ ವರ್ಷಗಳ ನಂತರ ಹೆಣ್ಣಾಗುತ್ತದೆ. ಅಂದರೆ ಸಣ್ಣವನ್ನೇ ಹಿಡಿಯುತ್ತಾ ಹೋದರೆ ಹೆಣ್ಣಾಗುವವರೆಗೆ ಬದುಕುವ ಮೀನೇ ಉಳಿಯಲ್ಲ.

ಇದೆಲ್ಲ ಹೇಗೆ ಗೊತ್ತಾಯಿತು ಅಂತ ಕೇಳಬಹುದು. ಮೀನಿನ ತಲೆಯೊಳಗೆ ಒಂದು ಪುಟ್ಟ ಕಿವಿಗಲ್ಲು ಇರುತ್ತದೆ. ಮರದ ಹಾಗೆ ಅದರಲ್ಲೂ ಉಂಗುರ ಬೆಳೆಯುತ್ತದೆ, ಎಳೆ ಮೀನಿನಲ್ಲಿ ದಿನಕ್ಕೊಂದು. ಪ್ರತಿ ಉಂಗುರದಲ್ಲಿ ಆಗಿನ ನೀರಿನ ಗುರುತು ಕೂತಿರುತ್ತದೆ. ಸಮುದ್ರದಲ್ಲಿದ್ದರೆ ಸ್ಟ್ರಾನ್ಷಿಯಂ ಹೆಚ್ಚು, ಸಿಹಿನೀರಿನ ಕಡೆ ಇದ್ದರೆ ಬೇರಿಯಂ ಹೆಚ್ಚು. ನಮ್ಮ ಕೆಲಸದ ಭಾಷೆಯಲ್ಲಿ ಇದು ಯಾರೂ ಅಳಿಸಲಾಗದ ಲಾಗ್ ಫೈಲ್. ಹವಳದಲ್ಲಿ ಹಿಡಿದ ಮೀನಿನ ಕಿವಿಗಲ್ಲು ಕೊಯ್ದು ನೋಡಿದರೆ ಬಾಲ್ಯ ಎಲ್ಲಿ ಕಳೆದಿತ್ತು ಅಂತ ಓದಬಹುದು.

ಈ ನಂಟಿನ ಬಗ್ಗೆ ಜಗತ್ತು ತಿರುಗಿ ನೋಡಿದ್ದು 2004ರಲ್ಲಿ. ಪೀಟರ್ ಮಂಬಿ ಮತ್ತು ಸಂಗಡಿಗರು ಕೆರಿಬಿಯನ್ ಸಮುದ್ರದ ಹವಳಗಳನ್ನು ಹೋಲಿಸಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಹತ್ತಿರದಲ್ಲಿ ಸಮೃದ್ಧ ಕಾಂಡ್ಲಾ ಇರುವ ಕಡೆ, ಜನ ಹಿಡಿದು ತಿನ್ನುವ ಹಲವು ಜಾತಿಯ ಮೀನುಗಳ ಒಟ್ಟು ತೂಕ ಎರಡು ಪಟ್ಟಿಗಿಂತ ಹೆಚ್ಚಿತ್ತು. ಕಾಂಡ್ಲಾ ಕಡಿದ ಕಡೆ ಅಲ್ಲಿನ ಅತಿ ದೊಡ್ಡ ಗಿಳಿಮೀನು ಪೂರ್ತಿ ಕಾಣೆಯಾಗಿತ್ತು. ಅಲ್ಲಿನ ಲೆಕ್ಕವನ್ನು ಕಾಪಿ-ಪೇಸ್ಟ್ ಮಾಡಿ ನಮ್ಮ ಕರಾವಳಿಗೆ ಹಾಕೋಕೆ ಬರಲ್ಲ. ಅಲ್ಲಿ ಭರತ-ಇಳಿತ ತೀರಾ ಕಡಿಮೆ, ಬೇರು ಸದಾ ನೀರಲ್ಲೇ ಇರುತ್ತದೆ. ನಮ್ಮಲ್ಲಿ ದಿನಕ್ಕೆರಡು ಸಲ ಬೇರು ಬರಿದಾಗುತ್ತದೆ, ಮೀನು ಹೊರಗೆ ಬಂದು ಕಾಯಲೇಬೇಕು. ಹಾಗಾಗಿ ನಮ್ಮ ಮೀನಿಗೆ ಕಾಡೊಂದೇ ಸಾಲದು. ಕಾಡಿನ ಪಕ್ಕದ ಕಾಲುವೆ, ಕೆಸರುಗದ್ದೆ, ಅಳಿವೆಯ ಬಾಯಿ ಎಲ್ಲವೂ ಸರಿ ಇರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ, ನೀರಿನ ಉಪ್ಪು ಸರಿ ಇರಬೇಕು.

ಹೊನ್ನಾವರದಿಂದ ಕುಮಟಾ ಕಡೆಗೆ 20 ಕಿ.ಮೀ. ಹೋಗಿ, ಊರು ದಾಟಿ ಮುಂದೆ ಮಿರ್ಜಾನಿನ ಹತ್ತಿರ ಬಂದರೆ ಇನ್ನೊಂದು ನದಿ ಸಿಗುತ್ತದೆ, ಅಘನಾಶಿನಿ. ಎರಡೂ ಘಟ್ಟದಿಂದ ಇಳಿದು ಬಂದ ಅಕ್ಕತಂಗಿಯರ ಹಾಗೆ. ಒಬ್ಬಳಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಇನ್ನೊಬ್ಬಳಿಗೆ ಒಂದೂ ಇಲ್ಲ. ಅಘನಾಶಿನಿಯಲ್ಲಿ ಮಳೆಗಾಲದಲ್ಲಿ ಸಿಹಿ ತುಂಬುತ್ತದೆ, ಬೇಸಿಗೆಯಲ್ಲಿ ಉಪ್ಪು ಒಳಗೆ ಏರುತ್ತದೆ. ಶರಾವತಿಯಲ್ಲಿ ಟರ್ಬೈನ್ ತಿರುಗಿಸಿದ ಸಿಹಿನೀರು ಏಪ್ರಿಲ್‌ನಲ್ಲೂ ಬರುತ್ತಲೇ ಇರುತ್ತದೆ, ಉಪ್ಪು ಮೇಲೇಳುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಈ ಎರಡು ಅಳಿವೆಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ವ್ಯತ್ಯಾಸಕ್ಕೆ ಸಾಕ್ಷಿ ಬೆಳಚು. ಅಘನಾಶಿನಿಯಲ್ಲಿ ಇವತ್ತಿಗೂ ಸಾವಿರಾರು ಜನ ಇಳಿತದಲ್ಲಿ ಸೊಂಟದ ಮಟ್ಟದ ನೀರಿಗಿಳಿದು ಬೆಳಚು ಆರಿಸಿ ಬದುಕುತ್ತಾರೆ. ಶರಾವತಿಯಲ್ಲಿ ಆ ದೃಶ್ಯ ಹುಡುಕಬೇಡಿ. ಕೆಂಬೇರಿ ಮರಿ ಸಿಹಿನೀರನ್ನೂ ತಡೆದುಕೊಳ್ಳುತ್ತದೆ, ನಿಜ. ಆದರೆ ಅದರ ಊಟದ ತಟ್ಟೆಯಲ್ಲಿರುವ ಎಲ್ಲವೂ ತಡೆದುಕೊಳ್ಳುವುದಿಲ್ಲ.

ಆ ಟರ್ಬೈನಿನ ಕರೆಂಟಲ್ಲೇ ನನ್ನ ಲ್ಯಾಪ್‌ಟಾಪ್ ಕೂಡ ನಡೆಯೋದು. ಕಟ್ಟಿದ್ದನ್ನು ಒಡೆಯಿರಿ ಅಂತ ಯಾರೂ ಹೇಳುತ್ತಿಲ್ಲ. ನನ್ನ ತಕರಾರು ಒಂದು ಮಾತಿನ ಬಗ್ಗೆ. 'ನದಿ ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತಿದೆ' ಅನ್ನುವ ಮಾತು. 2019ರಲ್ಲಿ ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪ ಬಂದು ಮಲೆನಾಡು ಎದ್ದು ನಿಂತಾಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಇದೇ ಮಾತು. ಈಗ ಅಘನಾಶಿನಿಯನ್ನು ವೇದಾವತಿಗೆ ಜೋಡಿಸುವ ಯೋಜನೆಯ ಬೆನ್ನಿಗೂ ಇದೇ ಮಾತು. ಅದೇ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ, 4,801 ಹೆಕ್ಟೇರ್. ಒಂದು ಕೈಯಲ್ಲಿ ಸರ್ಟಿಫಿಕೇಟ್, ಇನ್ನೊಂದು ಕೈಯಲ್ಲಿ ಪೈಪು! ಶರಾವತಿಯಲ್ಲಿ ಸಿಹಿನೀರು ಹೆಚ್ಚಾಗಿದ್ದಕ್ಕೇ ಇಷ್ಟು ಬದಲಾವಣೆ ಆಗಿರುವಾಗ, ಅಘನಾಶಿನಿಯಲ್ಲಿ ಕಡಿಮೆಯಾದರೆ ಏನೂ ಆಗಲ್ಲ ಅನ್ನೋದು ಹೇಗೆ? ಸಮುದ್ರ ಮುಟ್ಟುವ ಆ ನೀರು ಹೊತ್ತು ತರುವ ಮಣ್ಣಿನಲ್ಲೇ ಕಾಂಡ್ಲಾ ನಿಂತಿರೋದು. ಆ ಕಾಂಡ್ಲಾದಲ್ಲೇ ಕಲ್ಲಿನ ಮೀನು ಬೆಳೆಯೋದು.

ಹವಳಕ್ಕೆ ಬೇರೆ ಕಷ್ಟಗಳೂ ಇವೆ. 2024ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪವೂ ಸೇರಿ ಜಗತ್ತಿನಾದ್ಯಂತ ಹವಳ ಬಿಳುಚಿತು. ಆ ಬಿಸಿಯನ್ನು ಹೊನ್ನಾವರದಲ್ಲಿ ಕೂತು ಇಳಿಸೋಕಾಗಲ್ಲ. ಆದರೆ ಬಿಳುಚಿ ಸತ್ತ ಹವಳದ ಮೇಲೆ ಪಾಚಿ ಹಿಡಿದಾಗ ಅದನ್ನು ಕೆರೆದು ಹೊಸ ಹವಳಕ್ಕೆ ಜಾಗ ಮಾಡೋದು ಗಿಳಿಮೀನಿನಂಥ ಮೀನುಗಳು. ಮೀನು ಇದ್ದರೆ ಹವಳಕ್ಕೆ ಚೇತರಿಸಿಕೊಳ್ಳುವ ಒಂದು ದಾರಿ ಇರುತ್ತದೆ.

ಹೋಗುವವರಿಗೆ ಎರಡು ಮಾತು. ನೇತ್ರಾಣಿಗೆ ಅಕ್ಟೋಬರಿನಿಂದ ಮೇವರೆಗೆ ಸರಿ, ಮಳೆಗಾಲದಲ್ಲಿ ದೋಣಿ ಹೋಗಲ್ಲ. ಜೂನ್-ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೂ ರಜೆ, ಮೀನು ಮೊಟ್ಟೆ ಇಡುವ ಹೊತ್ತು ಅಂತ. ಹವಳದ ಮೇಲೆ ಕಾಲಿಡಬೇಡಿ, ಫಿನ್ ಬಡಿಯಬೇಡಿ. ಮುರುಡೇಶ್ವರದಿಂದ ಹೊನ್ನಾವರ ರಸ್ತೆಯಲ್ಲಿ 27 ಕಿ.ಮೀ. ನೇತ್ರಾಣಿಯಿಂದ ಶರಾವತಿಯ ಬಾಯಿಗೆ ಸಮುದ್ರದ ಮೇಲೆ ನೇರ ಅಳೆದರೆ ಸುಮಾರು 30. ಬೋರ್ಡ್‌ವಾಕ್‌ಗೆ ಹೋಗುವ ದಿನ ಭರತದ ಹೊತ್ತು ಮೊಬೈಲಿನಲ್ಲಿ ನೋಡಿಕೊಂಡು, ಅದಕ್ಕೆ ಎರಡು ಗಂಟೆ ಮೊದಲು ತಲುಪಿ. ಮೀನು ತಿನ್ನುವವರಾದರೆ ಮಾರ್ಕೆಟ್ಟಿನಲ್ಲಿ ಕೆಂಬೇರಿ ಕೇಳಿ. ಅಂಗೈ ಅಗಲದ್ದು ತೋರಿಸಿದರೆ ಬೇಡ ಅನ್ನಿ, ಅದು ಇನ್ನೂ ಕಲ್ಲಿಗೆ ಹೊರಟಿಲ್ಲ. ಬಂಗುಡೆ ಯಾವಾಗಲೂ ಇದ್ದೇ ಇದೆ, ರುಚಿಯಲ್ಲೂ ಏನು ಕಮ್ಮಿ ಇಲ್ಲ.